ಇಲ್ಲದ ದಿಬ್ಬ

ಮೇ ೨೭, ಸೋಮವಾರ

ನೀರು ಬಿಟ್ಟರು. ಹೋಗಬೇಕಾದ ಕಡೆ ಹೋಗಲಿಲ್ಲ.

ಬೆಳಿಗ್ಗೆ ಆಫೀಸಿನಲ್ಲಿ ಸಡಗರವೋ ಸಡಗರ. ದೊಡ್ಡ ಎಂಜಿನಿಯರು ಇಸ್ತ್ರಿಯ ಗೆರೆ ಮುರಿಯದ ಅಂಗಿ ತೊಟ್ಟು ಬಂದಿದ್ದರು. ಗೋಡೆಯ ಪರದೆಯ ಮೇಲೆ ನನ್ನ ನಕ್ಷೆ. ನಾನು ಪಕ್ಕದಲ್ಲಿ ಕೈಕಟ್ಟಿಕೊಂಡು, ಮಗಳನ್ನು ವೇದಿಕೆ ಹತ್ತಿಸಿದ ತಾಯಿಯ ಹಾಗೆ ನಿಂತಿದ್ದೆ. ಒಂದೂವರೆ ವರ್ಷ ಕಣ್ಣು ಕೆಂಪಗೆ ಮಾಡಿಕೊಂಡು ಮಾಡಿದ ನಕ್ಷೆ ಅದು. ಜಲಾಶಯದಿಂದ ಹೊರಟ ನಾಲ್ಕನೇ ಸಾಲಿನ ಕೊಳವೆ ನೆಲದಡಿಯಲ್ಲೇ ಬಂದು, ಹೊಲಗಳ ನಡುವಿನ ಉದ್ದನೆಯ ದಿಬ್ಬವನ್ನು ಹತ್ತಿ, ಅದರ ನೆತ್ತಿಯ ಮೇಲೆ ಸಾಲಾಗಿ ಕಟ್ಟಿದ ತೊಟ್ಟಿಗಳನ್ನು ತುಂಬಬೇಕು. ತೊಟ್ಟಿಗಳಿಂದ ನೀರು ಎಡಕ್ಕೂ ಬಲಕ್ಕೂ ತಾನಾಗಿ ಇಳಿದು ಹೊಲ ಸೇರಬೇಕು. ಪಂಪು ಬೇಡ, ಕರೆಂಟು ಬೇಡ. ಇಳಿಯುವುದನ್ನು ನೀರಿಗೆ ಯಾರೂ ಕಲಿಸಬೇಕಾಗಿಲ್ಲ ಎಂದು ಹಿಂದೊಂದು ಸಭೆಯಲ್ಲಿ ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದೆ.

ನಕ್ಷೆಯಲ್ಲಿ ಒಂದೊಂದು ಹೊಲಕ್ಕೂ ಒಂದು ಬಣ್ಣ. ನೀರು ತಲುಪಿದ್ದು ಹಸಿರು, ಇಷ್ಟರಲ್ಲೇ ತಲುಪುವುದು ಹಳದಿ, ತಲುಪದ್ದು ಕೆಂಪು. ರೈತರೂ ಅದನ್ನು ತಮ್ಮ ಫೋನಿನಲ್ಲಿ ನೋಡಬಹುದು. ಹತ್ತು ಗಂಟೆಗೆ ಗೇಟು ಎತ್ತಿದರು. ಊಟದ ಹೊತ್ತಿಗೆ ಎಲ್ಲ ಹಸಿರಾಗಬೇಕಿತ್ತು. ಅದಕ್ಕೂ ಮೊದಲೇ ಗೇಟಿನವನ ಫೋನು ಬಂತು.

"ತೊಟ್ಟಿ ತುಂಬಿ ಚೆಲ್ತಾ ಇದೆ ಮೇಡಂ. ಆದ್ರೆ ನೀರು ಹೊಲದ ಕಡೆ ಹೋಗ್ತಿಲ್ಲ, ತೊಟ್ಟಿ ಸುತ್ತಾನೇ ನಿಂತಿದೆ. ಎಮ್ಮೆ ಬಿಟ್ರೆ ಆರಾಮಾಗಿ ಬಿದ್ಕೊಂಡಿರ್ತವೆ."

ದೊಡ್ಡ ಎಂಜಿನಿಯರು ನನ್ನ ಕಡೆ ನೋಡಿದರು. ನಕ್ಷೆ ಸರಿ ಇದೆ ಸಾರ್ ಎಂದೆ. ಸರಿಯಾಗಿಯೇ ಇದೆ. ನೆಲದಲ್ಲಿ ಅಳೆದವನು ಏನೋ ಎಡವಟ್ಟು ಮಾಡಿರಬೇಕು.

ನೆಲದಲ್ಲಿ ಅಳೆದವನು ಬೇರೆ ಯಾರೂ ಅಲ್ಲ, ಅಕ್ಕನ ಗಂಡ. ಎದುರಿಗೆ ಭಾವ, ಬನ್ನಿ, ಕೂತ್ಕೊಳ್ಳಿ. ಈ ಪುಸ್ತಕದಲ್ಲಿ ಮಾತ್ರ ಮಾತಿನಮಲ್ಲ. ಒಮ್ಮೆ ಪಕ್ಕದ ಮೇಜಿನವಳ ಮುಂದೆ ಬಾಯಿತಪ್ಪಿ ಹಾಗೆ ಅಂದುಬಿಟ್ಟಿದ್ದೆ, ಅವಳು ಬಿದ್ದು ಬಿದ್ದು ನಕ್ಕಳು. ಅವನಿಗೆ ಈ ಗುತ್ತಿಗೆ ಕೆಲಸ ಕೊಡಿಸಿದ್ದು ನಾನೇ. ಒಂದು ಮಟ್ಟ ಅಳೆಯುವುದರೊಳಗೆ ಮೂರು ಕಥೆ ಹೇಳುವ ಆಸಾಮಿ. ನೆಂಟರಿಗೆ ಕೆಲಸ ಕೊಡಿಸಬಾರದು ಅನ್ನುವುದು ಇದಕ್ಕೇ.

ಮೇ ೨೮, ಮಂಗಳವಾರ

ಯಾರೂ ಬರುವ ಮುಂಚೆ ಆಫೀಸಿಗೆ ಹೋದೆ. ಮಾತಿನಮಲ್ಲನ ತಪ್ಪು ಹುಡುಕುವುದೇ ಉದ್ದೇಶವಾಗಿತ್ತು. ಹುಡುಕಿದ್ದು ಸಿಗಲಿಲ್ಲ, ಬೇರೆ ಸಿಕ್ಕಿತು.

ದಿಬ್ಬದ ಮೇಲೆ ಹಳೆಯ ಉಪಗ್ರಹ ಚಿತ್ರವನ್ನು ಹೊದಿಸಿ ನೋಡಿದೆ. ಈಗ ಬೋಳಾಗಿರುವ ಜಾಗದಲ್ಲಿ ಆಗ ಗಾಳಿಮರದ ದಟ್ಟ ತೋಪಿತ್ತು. ಹೋದ ಚಳಿಗಾಲದಲ್ಲಿ ತೋಪಿನ ಮಾಲೀಕ ಎಲ್ಲ ಕಡಿದು ಮಾರಿದ. ದಿಬ್ಬ ಎಲ್ಲಿ ಶುರುವೋ ತೋಪು ಅಲ್ಲೇ ಶುರು, ದಿಬ್ಬ ಎಲ್ಲಿ ಮುಗಿಯುತ್ತದೋ ತೋಪೂ ಅಲ್ಲೇ ಮುಕ್ತಾಯ. ಮೂಲೆಗೆ ಮೂಲೆ ಕೂಡಿತು. ಎತ್ತರದ ಲೆಕ್ಕ ಆಕಾಶದಿಂದ ತೆಗೆದದ್ದು. ಅದು ನೆಲ ಮುಟ್ಟಿರಲಿಲ್ಲ, ಮರಗಳ ತಲೆ ಸವರಿಕೊಂಡು ಹೋಗಿತ್ತು. ಅಲ್ಲಿ ದಿಬ್ಬವೇ ಇಲ್ಲ. ಮರಗಳ ತುದಿಯನ್ನೇ ನೆಲ ಎಂದು ಓದಿ, ಹೊಲಗಳಿಗಿಂತ ತಗ್ಗಾದ ಜಾಗದಲ್ಲಿ ತೊಟ್ಟಿ ಕಟ್ಟಿಸಿದ್ದಾಗಿದೆ.

ದಿಬ್ಬಕ್ಕೆ ನಾಲ್ಕು ಮೂಲೆ ಇರುವುದನ್ನು ಯಾರಾದರೂ ಕಂಡಿದ್ದಾರೆಯೇ? ಈ ದಿಬ್ಬಕ್ಕೆ ಇತ್ತು. ಮೊದಲ ಕರಡಿನಲ್ಲೇ ಕಣ್ಣಿಗೆ ಬಿದ್ದಿತ್ತು. ಪರದೆಯ ಮೇಲೆ ಅಂದವಾಗಿ ಕಾಣುವುದಿಲ್ಲ ಎಂದು ಮೂಲೆಗಳನ್ನು ಉಜ್ಜಿ ನಯ ಮಾಡಲಾಯಿತು.

ಇನ್ನೊಂದು ಕೂಡ ನೆನಪಿಗೆ ಬಂತು, ಬರದಿದ್ದರೆ ಚೆನ್ನಾಗಿತ್ತು. ಹೋದ ವರ್ಷ ಅಳತೆಯ ಸಮಯದಲ್ಲಿ ಮಾತಿನಮಲ್ಲ ತೋಪಿನ ಅಂಚಿನಿಂದ ಫೋನು ಮಾಡಿದ್ದ. "ಒಳಗೆ ಕಾಲಿಟ್ರೆ ಮರ, ಕೈ ಚಾಚಿದ್ರೆ ಮರ. ದುರ್ಬೀನಿಗೆ ಅಳತೆಕೋಲೇ ಕಾಣ್ತಿಲ್ಲ. ಇದೊಂದಕ್ಕೇ ಇನ್ನೊಂದು ವಾರ ಬೇಕಾಗತ್ತೆ ಕಣಮ್ಮ." ಆ ವಾರವೇ ನಕ್ಷೆ ತೋರಿಸುವುದಿತ್ತು. ತೋಪಿನೊಳಗೆ ಹೋಗಬೇಡಿ ಭಾವ, ಆಚೆ ತುದಿ ಈಚೆ ತುದಿ ಅಳೆದುಕೊಂಡು ಬನ್ನಿ, ಮಧ್ಯದ್ದು ನನ್ನ ಹತ್ತಿರ ಇದೆ ಎಂದು ಈ ಕಡೆಯಿಂದ ಹೇಳಿದ್ದಾಯಿತು.

ತಪ್ಪಾಗಿದೆ. ಇಂಥವು ಎಲ್ಲ ಕಡೆ ಆಗುತ್ತವೆ. ಗುರುವಾರ ಸಭೆ ಇದೆ, ಅಲ್ಲಿ ವಿವರಿಸಿದರಾಯಿತು.

ಮೇ ೩೦, ಗುರುವಾರ

ವಿವರಿಸಲಿಲ್ಲ.

ವಿವರಿಸಬೇಕೆಂದೇ ಹೋದೆ. ಮಾತುಗಳನ್ನು ಬಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಆದರೆ ದೊಡ್ಡ ಎಂಜಿನಿಯರು ಬಂದವರೇ ಮಾತಿನಮಲ್ಲನ ಅಳತೆಯ ಹಾಳೆ ಮೇಲಕ್ಕೆತ್ತಿ ಹಿಡಿದರು.

"ಎರಡು ತುದಿ ಇದೆ. ಮಧ್ಯದಲ್ಲಿ ಖಾಲಿ. ಯಾಕ್ರೀ ಖಾಲಿ?"

ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿದ್ದ ಮಾತಿನಮಲ್ಲ ನನ್ನ ಕಡೆ ನೋಡಿದ. ನಾನು ಪರದೆಯ ಕಡೆ ನೋಡಿದೆ. ಅಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ, ಪರದೆ ಇನ್ನೂ ಹಚ್ಚಿರಲಿಲ್ಲ. ಅವನು "ಬಿಸಿಲು ಜಾಸ್ತಿ ಇತ್ತು ಸಾರ್" ಎಂದ. ಎಲ್ಲರೂ ನಕ್ಕರು. ಪಕ್ಕದ ಮೇಜಿನವಳು ನನ್ನನ್ನು ಮೊಣಕೈಯಿಂದ ತಿವಿದು ನಕ್ಕಳು. ನಾನೂ ನಕ್ಕೆನೇನೋ. ನಕ್ಕೆ.

ಅವನ ಗುತ್ತಿಗೆ ನಿಲ್ಲಿಸಿದರು. ಇನ್ನು ಮುಂದೆ ಯಾವ ಯೋಜನೆಗೂ ಕರೆಯುವುದಿಲ್ಲವಂತೆ. ಎಲ್ಲೋ ಒಂದೆರಡು ಕಡೆ ನೆಲ ತಗ್ಗಿದೆ, ಎರಡು ಪಂಪು ತಂದಿಟ್ಟರೆ ಸರಿಹೋಗುತ್ತದೆ ಎಂದು ದೊಡ್ಡ ಎಂಜಿನಿಯರು ತೀರ್ಮಾನ ಮಾಡಿದರು. ಒಂದೆರಡು ಕಡೆ ಅಲ್ಲ, ಇಡೀ ದಿಬ್ಬವೇ ಇಲ್ಲ ಎಂದು ಬಾಯಿಯ ತನಕ ಬಂದಿತ್ತು. ಉಗುಳು ನುಂಗಿಕೊಂಡೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆದರೆ ಈ ಎಮ್ಮೆಯೂ ಬಾಯಿ ಬಿಡಲಿಲ್ಲವಲ್ಲ. ದಿನವಿಡೀ ವಟಗುಟ್ಟುವವನಿಗೆ ಬೇಕಾದಾಗ ಬಾಯಿ ಬಿದ್ದುಹೋಗಿತ್ತೇ? ಅವನೇ ಹೇಳಬಹುದಿತ್ತು. ಹೇಳಿದ್ದರೆ ನಾನು ಹೌದು ಎನ್ನುತ್ತಿದ್ದೆ.

ಎನ್ನುತ್ತಿದ್ದೆ ಎಂದೇ ಅಂದುಕೊಂಡಿದ್ದೇನೆ.

ಜೂನ್ ೨, ಭಾನುವಾರ

ಅಕ್ಕ ಬಂದಿದ್ದಳು. ಹುಷಾರಿಲ್ಲದವರನ್ನು ನೋಡುವುದಕ್ಕೆ ಬಂದ ಹಾಗೆ ಕೈಯಲ್ಲಿ ಹಣ್ಣಿನ ಚೀಲ. ನಾಲ್ಕು ಬೀದಿ ಆಚೆಯ ಮನೆಯಿಂದ ಬರುವುದಕ್ಕೆ ಒಳ್ಳೆಯ ಸೀರೆ ಉಟ್ಟಿದ್ದಳು. ಕುರ್ಚಿಯ ಅಂಚಿನಲ್ಲಿ ಕೂತಳು. ನನ್ನ ಮನೆಗೆ ಬಂದರೆ ಮಂಚದ ಮೇಲೆ ಕಾಲು ನೀಡುವವಳು ಅವಳು.

"ನಿನ್ನ ಮುಖ ನೋಡೋಕೆ ನಾಚಿಕೆ ಆಗ್ತಿದೆ ಕಣೇ" ಎಂದಳು. "ನೀನು ಅಷ್ಟು ಜನರ ಹತ್ರ ಹೇಳಿ ಇವರಿಗೆ ಕೆಲಸ ಕೊಡಿಸಿದೆ. ಈ ಮನುಷ್ಯ ಬಿಸಿಲು ಅಂತ ಅಳೆಯದೇ ಬಂದ್ರಂತೆ. ಆಫೀಸಲ್ಲಿ ನಿನ್ನ ಮರ್ಯಾದೆ ಕಳೆದ್ರು. ಅವರ ಪರವಾಗಿ ನಾನು ಕೇಳ್ತಿದೀನಿ, ಮನಸ್ಸಲ್ಲಿ ಇಟ್ಕೋಬೇಡ."

ಆಗ ಹೇಳಬೇಕಾಗಿತ್ತು. ಇದಕ್ಕಿಂತ ಒಳ್ಳೆಯ ಗಳಿಗೆ ಯಾರಿಗೆ ಸಿಗುತ್ತದೆ? ಮನೆಯಲ್ಲಿ ಇಬ್ಬರೇ, ಫ್ಯಾನಿನ ಸದ್ದು, ಎದುರಿಗೆ ಒಡಹುಟ್ಟಿದವಳು.

"ಇರ್ಲಿ ಬಿಡಕ್ಕ" ಎಂದೆ.

ಅವಳ ಕಣ್ಣು ತುಂಬಿತು. ನನ್ನ ತಂಗಿ ಎಷ್ಟು ದೊಡ್ಡ ಮನಸ್ಸಿನವಳು ಎಂದು ತಲೆ ಸವರಿದಳು. ನಾನು ಟೀ ಮಾಡಿಕೊಟ್ಟೆ. ಅವಳು ಹೋದ ಮೇಲೆ ಆ ಹಣ್ಣು ಮುಟ್ಟಲಾಗಲಿಲ್ಲ. ನನ್ನ ತಪ್ಪಿಗೆ ಅವರನ್ನು ಕ್ಷಮಿಸಿ ಕಳಿಸಿದ್ದೇನೆ. ಥೂ ನನ್ನ ಜನ್ಮಕ್ಕೆ.

ಜೂನ್ ೬, ಗುರುವಾರ

ದೊಡ್ಡ ಎಂಜಿನಿಯರು ಕರೆದು, ನಾಲ್ಕನೇ ಸಾಲಿನ ಹೊಲಗಳೆಲ್ಲ ನಕ್ಷೆಯಲ್ಲಿ ಯಾಕೆ ಕೆಂಪಗಿವೆ ಎಂದು ಕೇಳಿದರು. ನೀರು ತಲುಪಿಲ್ಲವಲ್ಲ ಸಾರ್ ಎಂದೆ.

"ಪಂಪು ಬರ್ತಾ ಇದೆ ತಾನೆ? ಕೆಂಪು ಕಂಡ್ರೆ ನಾಳೆ ಬೆಳಿಗ್ಗೆ ಜನ ಬಾಗಿಲಲ್ಲಿ ಕೂತಿರ್ತಾರೆ. ಹಳದಿ ಮಾಡಿ."

ಮಾಡಿದೆ. ಒಟ್ಟಿಗೆ ಆರಿಸಿ ಒಂದು ಸಲ ಒತ್ತಿದರೆ ಮುಗಿಯಿತು, ಒಂದು ಬದಿಯ ಹೊಲಗಳೂ ಇನ್ನೊಂದು ಬದಿಯವೂ ಹಳದಿ. ಹಳದಿ ಸುಳ್ಳೇನೂ ಅಲ್ಲ. ಇಷ್ಟರಲ್ಲೇ ಅಂದರೆ ಎಷ್ಟರಲ್ಲೇ ಎಂದು ಯಾರೂ ಬರೆದಿಟ್ಟಿಲ್ಲ.

ಬರುವಾಗ ಅಂಗಡಿ ಸಾಲಿನಲ್ಲಿ ಮಾತಿನಮಲ್ಲ ಕಂಡ. ಹೆಗಲಿಗೆ ಏನೂ ಇರಲಿಲ್ಲ. ಆ ದುರ್ಬೀನಿನ ಪೆಟ್ಟಿಗೆ ಇಲ್ಲದೆ ಅವನನ್ನು ಬೀದಿಯಲ್ಲಿ ಕಂಡದ್ದೇ ಇಲ್ಲ. ಯಾರೊಂದಿಗೂ ಮಾತಾಡುತ್ತಿರಲಿಲ್ಲ, ಸುಮ್ಮನೆ ನಡೆಯುತ್ತಿದ್ದ. ನಾನು ಅಲ್ಲೇ ನಿಂತಿದ್ದ ಬಸ್ಸೊಂದರ ಹಿಂದಕ್ಕೆ ಸರಿದು ನಿಂತೆ. ನಲವತ್ತು ದಾಟಿದ ಹೆಂಗಸು, ಕೈಯಲ್ಲಿ ತರಕಾರಿ ಚೀಲ, ಬಸ್ಸಿನ ಹಿಂದೆ ಅವಿತು ಅದರ ಹೊಗೆ ಕುಡಿಯುತ್ತಿದ್ದೆ.

ಜೂನ್ ೮, ಶನಿವಾರ

ವರ್ಷದ ಮೊದಲ ಒಳ್ಳೆಯ ಮಳೆ. ಸಂಜೆಯ ತನಕ ಬಿಡಲಿಲ್ಲ. ಒಗೆದ ಬಟ್ಟೆ ಒಣಗಲಿಲ್ಲ, ನೆಂಟರ ಯೋಚನೆ ಬಿಡಲಿಲ್ಲ. ಊಟ ಮಾಡದೆ ಮಲಗಿದೆ.

ಜೂನ್ ೧೪, ಶುಕ್ರವಾರ

ನಾಲ್ಕನೇ ಸಾಲಿನ ರೈತರದ್ದು ಒಂದು ನೀರಿನ ಸಂಘವಿದೆ. ಅದರ ಅಧ್ಯಕ್ಷೆ ಆಫೀಸಿಗೆ ಫೋನು ಮಾಡಿದ್ದರು. ನನ್ನ ಮೇಜಿಗೇ ಬಂತು. ವಯಸ್ಸಾದ ದನಿ, ಅವಸರವಿಲ್ಲದ ಮಾತು.

"ನಮ್ಮದೆಲ್ಲ ಹಳದಿ ತೋರಿಸ್ತಿದೆ ಮೇಡಂ. ಹಳದಿ ಅಂದ್ರೆ ಬರತ್ತೆ ಅಂತ ತಾನೆ?"

"ಹೌದು, ಇಷ್ಟರಲ್ಲೇ" ಎಂದೆ.

"ಹಾಗಾದ್ರೆ ಸರಿ" ಎಂದು ಇಟ್ಟರು. ಎಷ್ಟು ಬೇಗ ಒಪ್ಪಿಕೊಂಡರು ಪಾಪ. ಜಗಳವಾಡುತ್ತಾರೆಂದು ಹೆದರಿದ್ದೆ, ಬದುಕಿದೆ.

ಅಕ್ಕ ಭಾನುವಾರ ಊಟಕ್ಕೆ ಕರೆದಿದ್ದಾಳೆ. ತಲೆನೋವೆಂದು ಒಮ್ಮೆ, ಕೆಲಸವೆಂದು ಒಮ್ಮೆ ತಪ್ಪಿಸಿಕೊಂಡಾಗಿದೆ. ಈ ಸಲ ಹೋಗದಿದ್ದರೆ ಅವಳು ನನಗೆ ಇನ್ನೂ ಕೋಪವಿದೆ ಎಂದುಕೊಂಡು ಮತ್ತೆ ಹಣ್ಣು ತಂದಾಳು.

ಜೂನ್ ೧೬, ಭಾನುವಾರ

ಹೋಗಿದ್ದೆ. ಅಕ್ಕ ಬಡಿಸುತ್ತ ಬಡಿಸುತ್ತ ಗಂಡನನ್ನು ಹುರಿದು ಮುಕ್ಕಿದಳು. ಅವನ ತಾಯಿಯ ಎದುರಿಗೇ.

"ಕೇಳಿ ಅತ್ತೆ, ನಿಮ್ಮ ಮಗನಿಗೆ ಬಿಸಿಲಂತೆ. ಊರೋರೆಲ್ಲ ಬಿಸಿಲಲ್ಲಿ ಬೆಂದ್ರೆ ಇವರಿಗೆ ನೆರಳೇ ಬೇಕಂತೆ. ಅವಳ ಮುಖಕ್ಕೆ ಮಸಿ ಬಳಿದು ಇಲ್ಲಿ ಬಂದು ತಟ್ಟೆ ಮುಂದೆ ಕೂತಿದಾರೆ."

ಅವನ ತಾಯಿ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಅವನು ಇನ್ನೊಂದು ಸೌಟು ಹಾಕಿಸಿಕೊಂಡು, "ಬೈಗುಳ ಸೇರಿದ್ರೆ ಸಾರಿಗೆ ಉಪ್ಪೇ ಬೇಡ" ಎಂದ. ಅಕ್ಕನಿಗೆ ಸಿಟ್ಟು ಇನ್ನೂ ಏರಿತು. ನನಗೆ ಇನ್ನೊಂದು ಹಿಡಿ ಬಡಿಸುವುದಕ್ಕೆ ಬಂದಳು, ಕೈ ಅಡ್ಡ ಹಿಡಿದೆ.

ಊಟವಾದ ಮೇಲೆ ಅವನು ಮಹಡಿಗೆ ಹೋದ. ನಾನೂ ಹಿಂದೆ ಹೋದೆ. ನೀರಿನ ಟ್ಯಾಂಕಿನ ನೆರಳಲ್ಲಿ ಕೂತು ಬೀದಿ ನೋಡುತ್ತಿದ್ದ.

"ಯಾಕೆ ಹೇಳ್ಲಿಲ್ಲ ಭಾವ?" ಎಂದು ಕೇಳಿದೆ.

"ಏನಂತ ಹೇಳ್ಲಿ? ಬಿಸಿಲಿದ್ದಿದ್ದು ಸುಳ್ಳಲ್ಲವಲ್ಲ." ನಕ್ಕ. "ನೀನು ಒಳಗೆ ಬೇಡ ಅಂದೆ ನೋಡು, ನನಗೆ ಅವತ್ತು ಹಬ್ಬ. ಆ ಕಡೆ ಒಂದು ಗುರುತು, ಈ ಕಡೆ ಒಂದು ಗುರುತು, ಆಮೇಲೆ ತೋಪಲ್ಲಿ ಟವೆಲ್ ಹಾಸಿ ಮಲಗಿದವನು ಸಂಜೆಗೆ ಎದ್ದೆ. ನಿನ್ನ ದಿಬ್ಬದ ಬುಡದಲ್ಲೇ ಮಲಗಿದ್ದೆ, ನನಗೆ ಗೊತ್ತೇ ಆಗ್ಲಿಲ್ಲ. ನನ್ನದೂ ಪಾಲಿದೆ ಬಿಡು."

"ಆದ್ರೂ ಸಭೆಯಲ್ಲಿ ಒಂದು ಮಾತು..."

"ಹೇಳಿದ್ರೆ ನಂಬೋರು ಯಾರಮ್ಮ? ನಿಮ್ಮ ಆಫೀಸಲ್ಲಿ ನನಗೊಂದು ಹೆಸರಿಟ್ಟಿದಾರೆ, ಗೊತ್ತಾ? ಮಾತಿನಮಲ್ಲ ಅಂತೆ. ಗೇಟಿನವನೂ ಹಾಗೇ ಕರೀತಾನೆ. ನಕ್ಷೆ ಮಾಡೋಳು ಒಂದು ಹೇಳಿ, ಮಾತಿನಮಲ್ಲ ಒಂದು ಹೇಳಿದ್ರೆ, ಯಾರ ಮಾತು ನಡೆಯತ್ತೆ? ಇಟ್ಟವರು ಯಾರೋ, ಹೆಸರು ಮಾತ್ರ ಅಳೆದೇ ಇಟ್ಟಿದಾರೆ."

ಅವರು ಮತ್ತೆ ನಕ್ಕರು. ನನಗೆ ಮೆಟ್ಟಿಲಿಳಿದು ಬಂದದ್ದು ನೆನಪಿದೆ, ಅಕ್ಕನಿಗೆ ಹೇಳಿ ಬಂದೆನೋ ಇಲ್ಲವೋ ನೆನಪಿಲ್ಲ.

ಜೂನ್ ೧೭, ಸೋಮವಾರ

ರಜೆ ಹಾಕಿದೆ. ನಾಚಿಕೆಗೆ ಯಾರೂ ರಜೆ ಕೊಡುವುದಿಲ್ಲ, ಜ್ವರವೆಂದು ಬರೆದೆ.

ಜೂನ್ ೨೦, ಗುರುವಾರ

ದೊಡ್ಡ ಎಂಜಿನಿಯರಿಗೆ ಹೇಳಿದೆ. ಎಲ್ಲ ಹೇಳಿದೆ: ತೋಪು, ನಾಲ್ಕು ಮೂಲೆ, ಫೋನು. ಅವರು ಎದ್ದು ಹೋಗಿ ಬಾಗಿಲು ಹಾಕಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ.

"ನೋಡಮ್ಮ" ಎಂದರು, ಮೆಲ್ಲಗೆ. "ಈ ವಿಷಯ ಮುಗಿದಿದೆ. ಆ ಮನುಷ್ಯ ಒಪ್ಪಿಕೊಂಡಾಗಿದೆ. ಈಗ ನಕ್ಷೆಯೇ ತಪ್ಪು ಅಂದ್ರೆ, ಉಳಿದ ಮೂರು ಸಾಲಿನ ನಕ್ಷೆ ಮೇಲೂ ಅನುಮಾನ ಬರತ್ತೆ. ನಿಮ್ಮ ವಿಭಾಗಾನೇ ಮುಚ್ಚಿದ್ರೂ ಮುಚ್ಚಿದ್ರು. ಪಂಪು ಎರಡಲ್ಲದಿದ್ರೆ ನಾಲ್ಕು ತರಿಸೋಣ. ನಿಮ್ಮ ಭಾವನಿಗೆ ಬೇರೆ ಕಡೆ ಏನಾದ್ರೂ ನೋಡೋಣ. ನೀವು ಹೇಳಿದ್ರಿ, ನಾನು ಕೇಳಿಸಿಕೊಂಡೆ. ಸಾಕಲ್ವಾ?"

ಸಾಕು ಅನ್ನಿಸಿತು. ಹೊರಗೆ ಬಂದು ಕೈತೊಳೆಯುವ ಕಡೆ ನಿಂತು ಮುಖಕ್ಕೆ ನೀರು ಹಾಕಿಕೊಂಡೆ. ಮೈ ಹಗುರಾಗಿತ್ತು. ಮಧ್ಯಾಹ್ನ ಚೆನ್ನಾಗಿ ಊಟ ಸೇರಿತು. ಪಕ್ಕದ ಮೇಜಿನವಳ ಜೊತೆ ನಗುತ್ತ ಮಾತಾಡಿದೆ. ಸಂಜೆ ಬಸ್ಸಿನಲ್ಲಿ ಹೊಳೆಯಿತು: ಅದನ್ನು ಮುಚ್ಚಿಡುವುದು ಯಾರಿಗೆ ನನಗಿಂತ ಹೆಚ್ಚು ಬೇಕಾಗಿತ್ತೋ ಅವರಿಗೇ ನಾನು ಹೇಳಿದ್ದು. ಅದು ಗೊತ್ತಿದ್ದೇ ಆ ಬಾಗಿಲಿಗೆ ಹೋಗಿದ್ದೆನೋ ಏನೋ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತು, ಹಾಲೂ ಅವರೇ ಕೊಟ್ಟರು.

ಜೂನ್ ೨೩, ಭಾನುವಾರ

ಅಕ್ಕನಿಗೆ ಹೇಳಿದೆ.

ಅವಳು ಹಿತ್ತಲಲ್ಲಿ ಕೊಡಪಾನ ತಿಕ್ಕುತ್ತಿದ್ದಳು. ಭಾವ ಮನೆಯಲ್ಲಿರಲಿಲ್ಲ, ಯಾರದೋ ನಿವೇಶನ ಅಳೆದುಕೊಡುವುದಕ್ಕೆ ಹೋಗಿದ್ದರು. ಕೂತುಕೊಳ್ಳದೆ ನಿಂತೇ ಹೇಳಿದೆ. ತೋಪಿನೊಳಗೆ ಹೋಗಬೇಡಿ ಎಂದದ್ದು ನಾನು. ಮರದ ತಲೆಯನ್ನು ನೆಲ ಎಂದು ಓದಿದ್ದು ನಾನು. ಮೂಲೆ ಉಜ್ಜಿದ್ದು ನಾನು. ಸಭೆಯಲ್ಲಿ ಅವರು ನನ್ನ ಕಡೆ ನೋಡಿದಾಗ ಮುಖ ತಿರುಗಿಸಿದ್ದು ನಾನು. ಆಫೀಸಿನಲ್ಲಿ ಅವರಿಗಿಟ್ಟ ಹೆಸರೂ ನನ್ನದೇ ಎಂದು ಅದನ್ನೂ ಹೇಳಿದೆ.

ಅಕ್ಕನ ಕೈ ನಿಂತಿತು. ಬೈದಾಳು, ಹೊಡೆದಾಳು, ಕೆಲಸದ ಮಾತು ಎತ್ತಿಯಾಳು ಎಂದುಕೊಂಡಿದ್ದೆ. ಅವಳು ಕೆಲಸದ ಮಾತೇ ಎತ್ತಲಿಲ್ಲ.

"ನಾನು ಅವರಿಗೆ ಏನೇನು ಅಂದೆ ಗೊತ್ತಾ ನಿನಗೆ?" ಎಂದಳು.

"ಗೊತ್ತು, ನಾನೂ ಇದ್ದೆನಲ್ಲ."

"ನಿನ್ನ ಎದುರಿಗೆ ಅಂದಿದ್ದು ಏನೂ ಅಲ್ಲ. ಮನೆಯಲ್ಲಿ ಅಂದಿದ್ದು ಬೇರೆ. ದಿನಾ ಅಂದೆ. ನಿಮ್ಮನ್ನು ಕಟ್ಟಿಕೊಂಡು ತವರಿಗೆ ಮುಖ ತೋರಿಸದ ಹಾಗಾಯ್ತು ಅಂದೆ. ಅತ್ತೆ ಅಳೋ ಹಾಗೆ ಅಂದೆ. ಅವರು ಒಂದು ಮಾತು ತಿರುಗಿ ಆಡಲಿಲ್ಲ." ಕೊಡಪಾನವನ್ನು ಬೋರಲು ಹಾಕಿದಳು. "ನೀನು ಸುಮ್ಮನಿದ್ದೆ, ಆ ಬೈಗುಳವೆಲ್ಲ ನನ್ನ ಬಾಯಲ್ಲಿ ಬಂತು. ಈಗ ಅದನ್ನ ಎಲ್ಲಿಗೆ ತಗೊಂಡು ಹೋಗ್ಲಿ?"

ತಪ್ಪಾಯ್ತು ಅಕ್ಕ ಎಂದೆ. ಅವಳು ಹೋಗು ಎಂದಳು. ಸಿಟ್ಟಿನಿಂದಲ್ಲ, ಅವರು ಬರುವ ಹೊತ್ತಾಯಿತು, ನಾನೊಬ್ಬಳೇ ಇರಬೇಕು ಎಂದು. ಬಾಗಿಲ ತನಕ ಬರಲಿಲ್ಲ.

ಜೂನ್ ೨೪, ಸೋಮವಾರ

ವಾರದ ಸಭೆ. ದೊಡ್ಡ ಎಂಜಿನಿಯರು ಮಾತು ಮುಗಿಸುವ ಮುಂಚೆಯೇ ಎದ್ದು ನಿಂತೆ. ತೋಪಿನ ಚಿತ್ರವನ್ನೂ ದಿಬ್ಬವನ್ನೂ ಒಂದರ ಮೇಲೊಂದು ಹಾಕಿ ತೋರಿಸಿದೆ, ಮೂಲೆಗಳನ್ನು ಉಜ್ಜದೆ. ಇದು ನಾನು ಮಾಡಿದ್ದು, ಅಳತೆ ಬೇಡ ಎಂದದ್ದೂ ನಾನು ಎಂದೆ. ಯಾರೂ ನಗಲಿಲ್ಲ. ಪಕ್ಕದ ಮೇಜಿನವಳು ತನ್ನ ಪೆನ್ನು ನೋಡುತ್ತಿದ್ದಳು. ದೊಡ್ಡ ಎಂಜಿನಿಯರು ಕನ್ನಡಕ ಒರೆಸಿದರು, ಒರೆಸಿದರು, ಒರೆಸುತ್ತಲೇ ಇದ್ದರು.

ಜೂನ್ ೨೬, ಬುಧವಾರ

ಆದೇಶ ಬಂತು. ನನ್ನನ್ನು ನಕ್ಷೆಯ ಕೆಲಸದಿಂದ ತೆಗೆದಿದ್ದಾರೆ. ನಾಲ್ಕನೇ ಸಾಲಿನ ನೆಲವನ್ನು ಹೊಸದಾಗಿ ಅಳೆಯಬೇಕು, ಆ ಅಳತೆಗೆ ಸಹಾಯಕಿಯಾಗಿ ಹೋಗಬೇಕು. ಅಳೆಯುವುದಕ್ಕೆ ಭಾವನನ್ನೇ ಮತ್ತೆ ಕರೆದಿದ್ದಾರೆ. ತೊಟ್ಟಿಗಳನ್ನು ಬೇರೆ ಕಡೆ ಕಟ್ಟುವ ತನಕ ನೀರಿಲ್ಲ, ಅಂದರೆ ಈ ಬಾರಿಯ ಬೆಳೆಗೆ ಇಲ್ಲ. ಪಂಪಿನ ಮಾತು ಬಿದ್ದುಹೋಯಿತು. ಇಡೀ ದಿಬ್ಬವೇ ಇಲ್ಲದ ಮೇಲೆ ಎಷ್ಟು ಪಂಪು ಇಟ್ಟಾರು?

ನನ್ನ ಮೇಜು ಬಿಟ್ಟುಕೊಡುವ ಮುಂಚೆ ಕೊನೆಯ ಕೆಲಸವಾಗಿ ಆ ಹೊಲಗಳನ್ನೆಲ್ಲ ಕೆಂಪು ಮಾಡಿದೆ. ಭಾವ ಫೋನು ಮಾಡಿ, ಶನಿವಾರ ಬೆಳಿಗ್ಗೆ ಟೋಪಿ ತರಬೇಕು, ಅಲ್ಲಿ ಈಗ ಮಲಗೋಕೂ ನೆರಳಿಲ್ಲ ಎಂದರು. ಅಕ್ಕನ ವಿಷಯ ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಫೋನಿನಲ್ಲಿ ಅವರ ಹಿಂದೆ ಯಾರೋ ತಟ್ಟೆ ಜೋಡಿಸುವ ಸದ್ದು ಕೇಳುತ್ತಿತ್ತು.

ಕಷ್ಟದ್ದು ಮುಗಿಯಿತು ಅನ್ನಿಸುತ್ತಿದೆ. ಇವತ್ತು ನಿದ್ದೆ ಬರಬಹುದು.

ಜೂನ್ ೨೯, ಶನಿವಾರ

ನನ್ನ ನಕ್ಷೆಯ ಜಾಗವನ್ನು ಮೊದಲ ಸಲ ಕಾಲಿನಿಂದ ನೋಡಿದೆ. ಒಂದೂವರೆ ವರ್ಷ ಪರದೆಯ ಮೇಲೆ ಅಂಗೈಯಷ್ಟಾಗಿದ್ದದ್ದು, ಈ ತುದಿಯಿಂದ ಆ ತುದಿಗೆ ನಡೆಯುವುದರಲ್ಲಿ ಉಸಿರು ಹತ್ತಿತು. ಎಲ್ಲೆಲ್ಲೂ ಗಾಳಿಮರದ ಮೋಟು. ತಗ್ಗಿನಲ್ಲಿ ನನ್ನ ತೊಟ್ಟಿಗಳು, ಹೊಸ ಸಿಮೆಂಟು ಇನ್ನೂ ಬೆಳ್ಳಗಿದೆ, ಸುತ್ತ ಪಾಚಿ ನೀರು.

ಭಾವ ದುರ್ಬೀನು ನೆಟ್ಟರು. ನಾನು ಕೋಲು ಹಿಡಿದು ಮೋಟುಗಳ ನಡುವೆ ಒಂದೊಂದೇ ಗುರುತಿಗೆ ಹೋಗಿ ನಿಲ್ಲಬೇಕು. ಅವರು ಕೈ ಆಡಿಸಿದರೆ ಮುಂದಿನದು. ಊಟದ ಹೊತ್ತಿಗೆ ಸಂಘದ ಅಧ್ಯಕ್ಷೆ ಬದುವಿನ ಮೇಲೆ ನಡೆದು ಬಂದರು. ಫೋನಿನಲ್ಲಿ ಕೇಳಿದ್ದಕ್ಕಿಂತ ಚಿಕ್ಕ ಆಳು, ಕೈಯಲ್ಲಿ ಕೊಡೆ.

"ಫೋನಲ್ಲಿ ಬಣ್ಣ ಹಾಕ್ತಿದ್ದೋರು ನೀವೇನಾ?"

"ನಾನೇ. ಇಲ್ಲಿ ದಿಬ್ಬ ಇದೆ ಅಂತ ಹೇಳಿದ್ದೂ ನಾನೇ. ತಪ್ಪು ನನ್ನದು" ಎಂದೆ. ಈಗ ಹಾಗೆ ಹೇಳುವುದು ರೂಢಿಯಾಗಿದೆ, ನಾಲಿಗೆ ತಡವರಿಸುವುದಿಲ್ಲ.

ಅವರು ಅದನ್ನು ಕೈಯಲ್ಲೇ ತಳ್ಳಿಹಾಕಿದರು. "ತಪ್ಪು ಯಾರು ಮಾಡಲ್ಲ? ನನ್ನ ಗಂಡ ಬಾವಿ ತೋಡಿಸಿ ಬರೀ ಬಂಡೆ ತೆಗೆದ. ಅದಲ್ಲ ನಾನು ಕೇಳೋಕೆ ಬಂದಿದ್ದು. ನೀರು ಬರಲ್ಲ ಅಂತ ನಿಮಗೆ ಗೊತ್ತಾಗಿದ್ದು ಯಾವತ್ತು?"

"ನೀರು ಬಿಟ್ಟ ಮಾರನೇ ದಿನ."

ಅವರು ಕೊಡೆಯ ತುದಿಯಿಂದ ಮಣ್ಣು ಕೆದಕುತ್ತ ಲೆಕ್ಕ ಹಾಕಿದರು. ಮುಖ ಮೆಲ್ಲಗೆ ಬದಲಾಯಿತು.

"ಅಂದ್ರೆ ಮೊದಲ ಮಳೆ ಬಿದ್ದಾಗ ಗೊತ್ತಿತ್ತು."

"ಗೊತ್ತಿತ್ತು."

"ಆ ಮಳೆಗೆ ಎಳ್ಳು ಹಾಕಬಹುದಿತ್ತು. ಆಚೆಗೆ ನಮ್ಮ ಸಾಲಿಗೆ ಸೇರದೋರು ಮಳೆ ನಂಬಿ ಹಾಕಿದ್ರು, ನೋಡಿ, ಗೇಣುದ್ದ ಬಂದಿದೆ. ನಮ್ಮೋರೂ ಬೀಜ ಹಿಡ್ಕೊಂಡು ನಿಂತಿದ್ರು. ನಾನೇ ಬೇಡ ಅಂದೆ. ಹಳದಿ ಇದೆ, ಆಫೀಸಲ್ಲಿ ಕೇಳಿದೀನಿ, ಬರತ್ತೆ ಅಂದಿದಾರೆ, ನೀರು ಬಂದ್ಮೇಲೆ ಒಳ್ಳೇ ಬೆಳೆ ಹಾಕೋಣ ಅಂತ ಮನೆ ಮನೆಗೆ ಹೋಗಿ ತಡೆದೆ." ಅವರ ದನಿ ಏರಲಿಲ್ಲ. "ಈಗ ಎಳ್ಳಿನ ಕಾಲಾನೂ ಹೋಯ್ತು. ಮೊನ್ನೆ ಕೆಂಪಾಯ್ತಲ್ಲ, ಅವತ್ತಿಂದ ನಾನು ಬಾವಿಕಟ್ಟೆ ಕಡೆ ಹೋಗಿಲ್ಲ. ಎಲ್ಲರೂ ಅಲ್ಲೇ ಇರ್ತಾರೆ. ಯಾವ ಮುಖ ಇಟ್ಕೊಂಡು ಹೋಗ್ಲಿ, ಹೇಳಿ."

ಭಾವನಿಗಾಗಿ ನಾಚಿಕೆಪಟ್ಟಿದ್ದೆ, ಅಕ್ಕನಿಗಾಗಿ ನಾಚಿಕೆಪಟ್ಟಿದ್ದೆ, ಎಲ್ಲಕ್ಕಿಂತ ಹೆಚ್ಚು ನನಗಾಗಿ. ಇವರು ಒಂದು ದಿನವೂ ನನ್ನ ನಾಚಿಕೆಯಲ್ಲಿ ಇರಲಿಲ್ಲ. ಫೋನಿನಲ್ಲಿ ಹಾಗಾದ್ರೆ ಸರಿ ಎಂದಾಗ ಬದುಕಿದೆ ಎಂದುಕೊಂಡವಳು ನಾನು.

ನಾನು ಬರುತ್ತೇನೆ, ನಿಮ್ಮ ಜೊತೆ ಬಾವಿಕಟ್ಟೆಗೆ ಬಂದು ನಾನೇ ಹೇಳುತ್ತೇನೆ ಎಂದೆ. ಅವರು ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದರು.

"ಅವರಿಗೆ ನೀವು ಯಾರೋ ಗೊತ್ತಿಲ್ಲ" ಎಂದರು. "ಅವರು ನಂಬಿದ್ದು ನನ್ನ."

ಕೊಡೆ ಬಿಚ್ಚಿಕೊಂಡು ಬಂದ ದಾರಿಯಲ್ಲೇ ಹೋದರು. ಅವರು ಬದು ದಾಟುವ ತನಕ ಅಲ್ಲೇ ನಿಂತಿದ್ದೆ. ಭಾವನಿಗೆ ನಮ್ಮ ಮಾತು ಕೇಳಿಸಿರಲಿಲ್ಲ. ದೂರದಿಂದ ದುರ್ಬೀನಿಗೆ ಕಣ್ಣು ಹಚ್ಚಿಕೊಂಡೇ ಕೂಗಿದರು.

"ಕೋಲು ಅಲ್ಲಾಡ್ತಿದೆ. ನೆಟ್ಟಗೆ ಹಿಡ್ಕೋ."

ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಇನ್ನೂ ಅಲ್ಲಾಡ್ತಿದೆ" ಎಂದರು.